ಅವ್ವನ ರೊಟ್ಟಿ ಹಂಚು

ಸ್ಮೋಕ್ ಅಲಾರ್ಮ್ ಕೂಗಿದರೆ ನನಗೆ ಹೆದರಿಕೆಯಾಗುವುದಿಲ್ಲ, ಹಸಿವಾಗುತ್ತದೆ. ಲಂಡನ್ನಿನ ವೆಂಬ್ಲಿಯ ನಮ್ಮ ಹಳೆಯ ಮನೆಯಲ್ಲಿ ಆ ಕೂಗು ಕೇಳಿತೆಂದರೆ ಅವ್ವ ರೊಟ್ಟಿ ಬಡಿಯಲು ನಿಂತಿದ್ದಾಳೆ ಎಂದರ್ಥ. ವಿಜಯಪುರದಿಂದ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದ ಕಬ್ಬಿಣದ ಹಂಚು ಅದು. ನಡುವೆ ತುಸು ಹೊಟ್ಟೆ ಇಳಿದಿತ್ತು. ಗ್ಯಾಸಿನ ಮೇಲೆ ಅದು ಕಾದು ಹೊಗೆಯಾಡತೊಡಗಿದರೆ ಇಡೀ ಮನೆಗೆ ಗೊತ್ತಾಗುತ್ತಿತ್ತು. ಅಂಗೈಯ ಪಟಪಟ ಸದ್ದು, ಒದ್ದೆ ಬಟ್ಟೆ ಸವರಿದಾಗ ಏಳುವ ಹಬೆ, ಅಂಚಿನಲ್ಲಿ ಕರಕಾದ ಜೋಳದ ಹಿಟ್ಟಿನ ವಾಸನೆ. ಕೆಳಗೆ ಅವ್ವ, ಅಪ್ಪ, ನಾನು. ಮೇಲಿನ ಕೋಣೆಯಲ್ಲಿ ಅಪ್ಪನ ತಮ್ಮ ಕಾಕಾ ಮತ್ತು ಅವನ ಹೆಂಡತಿ ಕಾಕು. ಅಲಾರ್ಮ್ ಹೊಡೆದುಕೊಂಡ ಕೂಡಲೇ ಕುರ್ಚಿ ಹತ್ತಿ ಪೇಪರಿನಿಂದ ಬೀಸುವುದು ಕಾಕಾನ ಕೆಲಸ. ಅದಕ್ಕೆ ಕೂಲಿಯೆಂದು ಅವ್ವ ಮೊದಲ ರೊಟ್ಟಿಯನ್ನು ಬೆಣ್ಣೆ ಹಚ್ಚಿ ಅವನಿಗೇ ಕೊಡುತ್ತಿದ್ದಳು. ನಾನು ಎಷ್ಟು ಅತ್ತರೂ ಎರಡನೆಯದೇ ನನಗೆ. ಆ ಮನೆಯನ್ನು ಈಗ ಯಾರೋ ಒಡೆದು ಸಣ್ಣ ಸಣ್ಣ ಫ್ಲಾಟು ಮಾಡಿದ್ದಾರೆ. ಬಸ್ಸಿನಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ.

ನನಗೆ ಒಂಬತ್ತು ವರ್ಷವಾದಾಗ ಅಪ್ಪನ ಕಂಪನಿ ಅಪ್ಪನನ್ನು ಜರ್ಮನಿಗೆ ವರ್ಗ ಮಾಡಿತು. ತೀರ ಹಳ್ಳಿಯೂ ಅಲ್ಲದ, ದೊಡ್ಡ ಶಹರವೂ ಅಲ್ಲದ ಊರು. ಸುತ್ತ ಗೆಣಸಿನಂಥ ಯಾವುದೋ ಗಡ್ಡೆ ಬೆಳೆಯುವ ಹೊಲಗಳು, ನಡುವೆ ಚರ್ಚು, ಸಂತೆಯ ಚೌಕ. ಕಾಕಾನಿಗೆ ಅದೇ ದೇಶದಲ್ಲಿ ಆಫೀಸಿನ ಕೆಲಸ ಬಿದ್ದದ್ದರಿಂದ ಮನೆ ನೋಡುವ ಹೊಣೆ ಅವನೇ ಹೊತ್ತ. ನೋಡಿ ಬಂದು, ಸೋಫಾದ ಮೇಲೆ ಕಾಲು ಚಾಚಿ, ಅತ್ತಿಗೆಯಾದ ಅವ್ವನಿಗೆ, "ಏನೂ ಒಯ್ಯೂದು ಬ್ಯಾಡ ವೈನಿ. ಎಲ್ಲಾ ಅದ ಅಲ್ಲೆ. ಅಡಗಿಮನಿ ಅಂತೂ ನೋಡಾಕ ಎರಡು ಕಣ್ಣು ಸಾಲಂಗಿಲ್ಲ" ಎಂದ. ಅವ್ವ ಹಂಚನ್ನು ಸೀರೆಯಲ್ಲಿ ಸುತ್ತುತ್ತಿದ್ದಳು. "ಇದೂ ಬ್ಯಾಡ. ಅಲ್ಲಿ ಒಲಿ ಸಪಾಟ ಅದ, ಇದು ಕೂಡಂಗಿಲ್ಲ" ಎಂದು ಅವನೇ ಅವಳ ಕೈಯಿಂದ ತೆಗೆದು ಕಾಕುವಿಗೆ ಕೊಟ್ಟ. ಅವ್ವ ಖಾಲಿ ಸೀರೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು.

ಜರ್ಮನಿಯ ಮನೆಯ ಬಾಗಿಲು ತೆಗೆದಾಗ ಅಡುಗೆಮನೆಯಲ್ಲಿ ಏನೂ ಇರಲಿಲ್ಲ. ಒಲೆಯಿಲ್ಲ, ಕಪಾಟಿಲ್ಲ, ಸಿಂಕ್ ಕೂಡ ಇಲ್ಲ. ಗೋಡೆಯಿಂದ ನಳದ ಎರಡು ಪೈಪು ಹೊರಗೆ ಇಣುಕುತ್ತಿದ್ದವು, ಅಷ್ಟೇ. ಆ ದೇಶದಲ್ಲಿ ಬಾಡಿಗೆಯವರು ಮನೆ ಬಿಡುವಾಗ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗುತ್ತಾರೆ, ಬರುವವರು ತಮ್ಮದನ್ನು ತರುತ್ತಾರೆ. ಹೊಸದನ್ನು ಹೇಳಿ ಮಾಡಿಸಿ ಕೂಡಿಸುವಷ್ಟರಲ್ಲಿ ಚಳಿಗಾಲ ಕಳೆಯಿತು. ಅಲ್ಲಿಯವರೆಗೆ ಅವ್ವ ನೆಲದ ಮೇಲೆ ಒಂದೇ ಕಣ್ಣಿನ ಕರೆಂಟಿನ ಒಲೆಯಿಟ್ಟು ಅನ್ನ ಮಾಡಿದಳು, ಬಾತ್‌ಟಬ್ಬಿನ ಪಕ್ಕ ಮೊಣಕಾಲೂರಿ ಪಾತ್ರೆ ತೊಳೆದಳು. ಅವಳ ಬೆರಳ ಸಂದುಗಳು ಸೀಳಿ ರಕ್ತ ಬರುತ್ತಿತ್ತು. ಅಪ್ಪ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಕಾಕು ಲಂಡನ್ನಿನಿಂದ ಆಗಾಗ ಖಡಕ್ ರೊಟ್ಟಿಯ ಪಾರ್ಸೆಲ್ ಕಳಿಸುತ್ತಿದ್ದಳು. ಅವ್ವ ಒಂದು ಚೂರು ಮುರಿದು, ಮೂಸಿ, "ಹಂಚು ಸರಿಯಾಗಿ ಕಾದಿಲ್ಲ" ಎಂದು ಪಕ್ಕಕ್ಕಿಡುತ್ತಿದ್ದಳು.

ಕಾಕಾನಿಗೆ ಪಾಪ ತಿಳಿದಿರಲಿಕ್ಕಿಲ್ಲ ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿಯ ಮಾತು ನನಗೆ ಬರತೊಡಗಿದ ಮೇಲೆ ಕೆಳಗಿನ ಮನೆಯ ಮುದುಕಿ ನನ್ನನ್ನು ಮೆಟ್ಟಿಲ ಮೇಲೆ ಕೂಡಿಸಿಕೊಂಡು ಕೇಳಿದಳು: ಮೊದಲಿದ್ದ ಹೆಂಗಸು ತನ್ನ ಅಡುಗೆಮನೆಯನ್ನು ಪುಕ್ಕಟೆ ಬಿಟ್ಟು ಹೋಗುತ್ತೇನೆ ಅಂದಿದ್ದಳಲ್ಲ, ನಿಮ್ಮವರು ಯಾಕೆ ಬೇಡ ಅಂದರು? ಲಂಡನ್ನಿನ ನಮ್ಮ ಮಂದಿ ಇನ್ನೊಬ್ಬರು ಬಳಸಿದ ಒಲೆ ಮುಟ್ಟುವುದಿಲ್ಲ ಎಂದು ಕಾಕಾ ಆ ಹೆಂಗಸಿನ ಮುಂದೆ ದೊಡ್ಡಸ್ತಿಕೆ ತೋರಿಸಿ ಬಂದಿದ್ದನಂತೆ. ನಾನು ಇದನ್ನು ಅವ್ವನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದಳು.

ಅದನ್ನೂ ನುಂಗಬಹುದಿತ್ತು. ಆದರೆ ಕಾಕಾ ಅದನ್ನು ನಗೆಯ ಕಥೆ ಮಾಡಿದ. ನಾವು ರಜೆಗೆ ಲಂಡನ್ನಿಗೆ ಬಂದಾಗಲೆಲ್ಲ ಸ್ಟ್ಯಾನ್ಮೋರಿನ ಅವನ ಹೊಸ ಮನೆಯಲ್ಲಿ ನಾಲ್ಕು ಜನ ಸೇರಿದ್ದರೆ ಸಾಕು, "ನಮ್ಮ ವೈನಿ ಜರ್ಮನಿಯೊಳಗ ಬಾತ್‌ಟಬ್ಬಿನ್ಯಾಗ ಅಕ್ಕಿ ತೊಳೀತಿದ್ರು" ಎಂದು ಶುರು ಮಾಡುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ನಗುವನ್ನು ನೋಡಿದಾಗಲೇ ಕಾಕಾನ ಮೇಲೆ ನನ್ನ ಸಿಟ್ಟು ಹೊತ್ತಿತು. ಅದು ಅವ್ವ ಆ ಜರ್ಮನಿಯ ಊರಿನಲ್ಲೇ ತೀರಿಕೊಂಡ ಮೇಲೂ ಆರಲಿಲ್ಲ. ಮಣ್ಣು ಮುಗಿಸಿ ಲಂಡನ್ನಿಗೆ ಬಂದು ಕೂತಾಗ ಕಾಕಾ ಅದೇ ಕಥೆಯನ್ನು, ಈ ಸಲ ಕಣ್ಣೊರೆಸಿಕೊಳ್ಳುತ್ತ, ಮತ್ತೆ ಹೇಳಿದ.

ನಾನು ಈಗ ಲಂಡನ್ನಿನಲ್ಲೇ ಇದ್ದೇನೆ. ಹೋದ ವರ್ಷ ಕಾಕಾನ ಮೊಣಕಾಲು ಕೈಕೊಟ್ಟವು. ಸ್ಟ್ಯಾನ್ಮೋರಿನ ಮನೆ ಬಿಟ್ಟು ಕೊಲಿಂಡೇಲ್‌ನಲ್ಲಿ ಲಿಫ್ಟ್ ಇರುವ ಹೊಸ ಫ್ಲಾಟಿಗೆ ಹೋಗಬೇಕಾಯಿತು. ನನ್ನ ಆಫೀಸು ಅಲ್ಲೇ ಸಮೀಪ. "ನೀನ ಒಂದ್ಸಲ ನೋಡಿ ಬಾರವ್ವ" ಎಂದು ಕಾಕಾನೇ ಫೋನು ಮಾಡಿದ. ಹೋಗಿ ನೋಡಿದೆ. ಬೆಳಕಿತ್ತು, ಬಾಲ್ಕನಿಯಿತ್ತು. ಅಡುಗೆಮನೆಯಲ್ಲಿ ಕನ್ನಡಿಯಂತೆ ಸಪಾಟಾದ ಇಂಡಕ್ಷನ್ ಒಲೆ. ಗ್ಯಾಸಿನ ಸುಳಿವಿಲ್ಲ. ನಾನು ಆ ಗಾಜಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಫೋನು ಮಾಡಿ, "ಎಲ್ಲಾ ಅದ ಕಾಕಾ" ಎಂದೆ.

ಅವರು ಬಂದು ಸೇರಿದ ವಾರದಲ್ಲೇ ಕಾಕುವಿನ ಫೋನು ಬಂತು. "ಒಲಿ ಮ್ಯಾಲೆ ಹಂಚು ಕೂಡವಲ್ದು ವಿದ್ಯಾ. ನಿಮ್ಮ ಕಾಕಾಗ ರೊಟ್ಟಿ ಇಲ್ಲದ ಊಟ ಸೇರಂಗಿಲ್ಲ. ನೀ ನೋಡಿದ್ದಿಲ್ಲೇನು?"

"ನೋಡಿದ್ದೆ ಕಾಕು."

ಆ ಕಡೆ ಕಾಕಾ ಫೋನು ಇಸಿದುಕೊಂಡ. "ವೈನಿ ಆ ಜರ್ಮನಿ ಮನಿ ಬಗ್ಗೆ ಏನರ ಅಂದಿದ್ರೇನು?" ಎಂದ.

"ಅವ್ವ ಏನೂ ಅನ್ನಲಿಲ್ಲ ಕಾಕಾ. ಅದಕ್ಕ ನಾ ಅನ್ನಬೇಕಾತು."

"ಹಂಚು ಬಂದು ಒಯ್ಯಿ" ಎಂದಷ್ಟೇ ಹೇಳಿ ಇಟ್ಟ.

ಅದನ್ನು ಅವ್ವನ ಅದೇ ಸೀರೆಯಲ್ಲಿ ಸುತ್ತಿ, ಟ್ಯೂಬ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನನಗೆ ಪಶ್ಚಾತ್ತಾಪವಿಲ್ಲ, ಕಾಕಾ ಈಗ ಅಂಗಡಿಯ ಚಪಾತಿ ತಿನ್ನುತ್ತಾನೆಂದು ಕೇಳಿ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮರುದಿನ ನನ್ನ ಹಳೆಯ ಫ್ಲಾಟಿನ ಗ್ಯಾಸಿನ ಮೇಲೆ ಹಂಚಿಟ್ಟೆ. ಜೋಳದ ಹಿಟ್ಟು ನಾದಿದೆ, ಬಡಿದೆ. ರೊಟ್ಟಿಯ ಅಂಚು ಒಡೆಯಿತು, ಎತ್ತುವಾಗ ಎರಡು ಹೋಳಾಯಿತು. ಅವ್ವನ ಕೈಯನ್ನು ಅಷ್ಟು ವರ್ಷ ನೋಡಿದರೂ ನಾನು ಕಲಿತಿರಲಿಲ್ಲ. ಕರಕು ವಾಸನೆ ಎದ್ದು ಅಲಾರ್ಮ್ ಹೊಡೆದುಕೊಳ್ಳತೊಡಗಿತು. ಮುರಿದ ಆ ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ನೆಲದ ಮೇಲೆ ಕೂತು ತಿಂದೆ. ಅಲಾರ್ಮ್ ಕೂಗುತ್ತಲೇ ಇತ್ತು. ಬೀಸಿ ನಿಲ್ಲಿಸಲು ನಾನು ಏಳಲಿಲ್ಲ.