ನಾನು ಚಂದ ಮಾಡಿದ ಮಂಗಟ್ಟೆ ಹಕ್ಕಿ

"ಅಕ್ಕಾರ, ಇದರಾಗ ನಾ ಎಲ್ಲಿ ಅದೀನ್ರಿ?"

ಹೊಸ ಪುಸ್ತಕವನ್ನು ಎರಡೆರಡು ಸಲ ತಿರುವಿ ಹಾಕಿ ಬಸವಣ್ಣೆಪ್ಪ ಹೀಗೆ ಕೇಳಿದರು. ಅಸಲಿಗೆ ಅವರು ಪ್ರತಿ ಪುಟದಲ್ಲೂ ಇರಬೇಕಿತ್ತು. ಆ ಪುಸ್ತಕದ ಹೀರೋನೇ ಅವರು!

ಮಕ್ಕಳ ಪುಸ್ತಕಗಳಿಗೆ ಪ್ರಾಣಿ ಪಕ್ಷಿಗಳ ಚಿತ್ರ ಬರೆಯುವುದು ನನ್ನ ಹೊಟ್ಟೆಪಾಡು ಅನ್ನುವುದು ನಿಮಗೆ ಗೊತ್ತಿದ್ದದ್ದೇ. (ಕನ್ನಡಕ ಹಾಕಿದ ಮುಳ್ಳುಹಂದಿಯ ವಿಷಯ ಹಿಂದೊಮ್ಮೆ ಇಲ್ಲೇ ಬರೆದಿದ್ದೆನಲ್ಲ?) ಈ ಸಲ ಸಿಕ್ಕಿದ್ದು ಮಂಗಟ್ಟೆ ಹಕ್ಕಿಯ, ಅಂದರೆ ಹಾರ್ನ್‌ಬಿಲ್ಲಿನ ಕಥೆ. ಹೆಣ್ಣು ಮರದ ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಗಂಡು ದಿನವೂ ಹಣ್ಣು ತಂದು ಸಣ್ಣ ಕಿಂಡಿಯಿಂದ ಉಣಿಸುತ್ತದೆ. ಇದನ್ನು ನೋಡಲೆಂದೇ ಮಂದಿ ಉದ್ದುದ್ದ ಕ್ಯಾಮೆರಾ ಹೊತ್ತು ನಮ್ಮ ದಾಂಡೇಲಿಗೆ ಬರುತ್ತಾರೆ. ನಾನು ಕಾಡಿಗೆ ಹೋಗಲಿಲ್ಲ. ನನ್ನ ಮಾಡೆಲ್ ನಮ್ಮ ಓಣಿಯಲ್ಲೇ ಇದ್ದರು.

ಬಸವಣ್ಣೆಪ್ಪ ಧಾರವಾಡ ಕಡೆಯವರು, ಪೇಪರ್ ಮಿಲ್ಲಿನಿಂದ ರಿಟೈರ್ ಆದವರು. ಹೆಂಡತಿ ಗಂಗವ್ವ ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಮದುವೆ ಸೀಸನ್ ಬಂತೆಂದರೆ ಆಕೆಗೆ ಮಷಿನ್ನಿನಿಂದ ತಲೆ ಎತ್ತಲೂ ಪುರುಸೊತ್ತಿಲ್ಲ. ಹಾಗಾಗಿ ಮಧ್ಯಾಹ್ನ ಇವರೇ ರೊಟ್ಟಿ ಬಡಿದು ಡಬ್ಬಿ ಒಯ್ಯುತ್ತಾರೆ. ತಲೆಯ ಮೇಲೆ ಮಡಚಿಟ್ಟ ಹಳದಿ ಟವೆಲ್. ಅಂಗಿಯ ಹಿಂದಿನ ಕಾಲರಿಗೆ ನೇತುಹಾಕಿದ ಕೊಡೆ. ಮಿಲ್ಲಿನ ಕಾಲದ ಖಾಕಿ ಅಂಗಿ, ಅದರ ಒಂದು ಗುಂಡಿ ಯಾವಾಗಲೂ ಕಾಜದ ಮನೆ ತಪ್ಪಿರುತ್ತದೆ. ಎಡಗಾಲು ತುಸು ಎಳೆಯುತ್ತದೆ.

ಒಂದೇ ಸಲ ಕೂತು ಪೆನ್ಸಿಲ್ ಸ್ಕೆಚ್ ಮುಗಿಸಿದೆ. ಟವೆಲ್ಲು ಹಕ್ಕಿಯ ಕೊಕ್ಕಿನ ಮೇಲಿನ ಹಳದಿ ಕೊಂಬಾಯಿತು. ಕೊಡೆ, ಡಬ್ಬಿ, ತಪ್ಪಿದ ಗುಂಡಿ, ಎಳೆಯುವ ಕಾಲು ಎಲ್ಲ ಇದ್ದ ಹಾಗೇ ಬಂದವು. ತೋರಿಸಿದೆ.

"ಏ ಗಂಗಾ, ಬಾ ಇಲ್ಲೆ! ನನಗ ರೆಕ್ಕಿ ಬಂದಾವ ನೋಡ!" ಎಂದು ಕೂಗಿದರು ಬಸವಣ್ಣೆಪ್ಪ.

ಗಂಗವ್ವ ಬಂದು ನೋಡಿ, ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಕುಂಟೂದು ಸೈತ ಹಂಗ ಬಂದೈತಿ ನೋಡ್ರಿ."

ಅಂದಿನಿಂದ ಚಹಾದಂಗಡಿಯಲ್ಲಿ, ಹಳಿಯಾಳ ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ "ನಾ ಬುಕ್ಕಿನ್ಯಾಗ ಬರಾಕತ್ತೇನಿ" ಎಂದು ಹೇಳಿದ್ದೇ ಹೇಳಿದ್ದು.

ಆಮೇಲೆ ಶುರುವಾಯಿತು ನನ್ನ ಫಿನಿಶಿಂಗ್.

ಎಡಿಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಕ್ಕಳ ಪುಸ್ತಕ ಅಲ್ವಾ ಮೇಡಂ, ಕಣ್ಣು ಸ್ವಲ್ಪ ದೊಡ್ಡದಾಗಿರಲಿ." ದೊಡ್ಡದು ಮಾಡಿದೆ. ಅಷ್ಟಕ್ಕೇ ನಿಂತೆನೇ? ಗುಂಡಿ ಸರಿಯಾದ ಮನೆಗೆ ಹೋಯಿತು. ಕೊಡೆ ಗಜಿಬಿಜಿ ಅನ್ನಿಸಿತು, ತೆಗೆದೆ. ಖಾಕಿ ಡಲ್ ಎಂದು ನೀಲಿ ಜಾಕೆಟ್ ತೊಡಿಸಿದೆ. ಸ್ಟೀಲ್ ಡಬ್ಬಿ ಹೋಗಿ ಹಣ್ಣಿನ ಬುಟ್ಟಿ ಬಂತು. ಕೊನೆಗೆ ಆ ಕಾಲು. ಎರಡೂ ಕಾಲು ನೆಟ್ಟಗಿದ್ದರೆ ಚಿತ್ರ ಕ್ಲೀನ್ ಆಗಿ ಕಾಣುತ್ತದಲ್ಲ ಅಂದುಕೊಂಡೆ. ಯಾರೂ ಕೇಳಿರಲಿಲ್ಲ. ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ನನ್ನದೇ ಜಾಣತನ.

ಪುಸ್ತಕ ಬಂತು. ಹಕ್ಕಿ ಮುದ್ದಾಗಿತ್ತು. ಹೊಗಳಿ ನಾಲ್ಕು ಮೆಸೇಜೂ ಬಂದವು. ಅದೇ ಖುಷಿಯಲ್ಲಿ ಅವರ ಮನೆಗೆ ಒಂದು ಪ್ರತಿ ಒಯ್ದೆ. ಆಗಲೇ ಬಸವಣ್ಣೆಪ್ಪ ಆ ಪ್ರಶ್ನೆ ಕೇಳಿದ್ದು. ನೀಲಿ ಜಾಕೆಟ್ಟಿನ ಹಕ್ಕಿಯ ಮೇಲೆ ಬೆರಳಿಟ್ಟು "ಇದೇ ನೀವು" ಎಂದೆ. ಅವರು ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಚಲೋ ಐತ್ರಿ" ಎಂದರು.

ಗಂಗವ್ವ ಮಾತ್ರ ಮುಲಾಜಿಟ್ಟುಕೊಳ್ಳಲಿಲ್ಲ. "ಇದ್ಯಾರರೀ? ನಮ್ಮನ್ಯವರಲ್ಲ ಇದು. ಆ ಮೊದಲಿನ ಚಿತ್ರಾ ಕೊಟ್ಟಬಿಡ್ರಿ ಅಕ್ಕಾರ, ಅಂಗಡ್ಯಾಗ ಹಾಕ್ಕೋತೇನಿ."

ಎಲ್ಲಿಂದ ಕೊಡಲಿ? ಬೇರೆ ಕಲಾವಿದರು ಸ್ಕೆಚ್ಚನ್ನು ಹೊಸ ಹಾಳೆಗೆ ಇಳಿಸಿಕೊಂಡು ಇಂಕ್ ಮಾಡುತ್ತಾರೆ. ನಾನು ಮಿಲ್ ನೌಕರನ ಮಗಳು. ಒಂದು ಹಾಳೆ ದಂಡ ಮಾಡಿದರೂ ಅಪ್ಪ "ಇದರ ಹಿಂದ ಮೂರು ಶಿಫ್ಟಿನ ಮಂದಿ ಅದಾರ" ಎಂದು ಗದರುತ್ತಿದ್ದರು. ಹಾಗಾಗಿ ಸ್ಕೆಚ್ ಮೇಲೇ ಇಂಕ್ ಎಳೆದು, ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಉಜ್ಜಿಬಿಡುವುದು ನನ್ನ ರೂಢಿ. ಇದನ್ನೂ ಹಾಗೇ ಉಜ್ಜಿದ್ದೆ. ಒಂದು ಫೋಟೋ ಆದರೂ ತೆಗೆದಿಡಬಾರದಿತ್ತೇ? (ನನ್ನ ಮೊಬೈಲಿನಲ್ಲಿ ದೋಸೆಯ ಫೋಟೋಗಳಿಗೇನೂ ಬರವಿಲ್ಲ.)

"ಅಳಿಸಿಬಿಟ್ಟೆ" ಎಂದೆ. ಗಂಗವ್ವ ಪುಸ್ತಕ ಮುಚ್ಚಿಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಾಳೆ ಬರ್ರಿ, ಕೂಡಿಸಿ ಹೊಸಾದು ಬರೀತೇನಿ" ಎಂದು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಬಸವಣ್ಣೆಪ್ಪ ಬಂದರು. ಬಾಗಿಲು ತೆರೆದೆ.

ಟವೆಲ್ ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಕತ್ತಿನವರೆಗೂ ಸರಿಯಾಗಿ ಹಾಕಿದ ಗುಂಡಿ. ಕೊಡೆ, ಡಬ್ಬಿ ಎರಡೂ ಮನೆಯಲ್ಲೇ ಉಳಿದಿದ್ದವು. ಕೂಡ್ರಿ ಎಂದರೆ ಕೂಡಲಿಲ್ಲ. ಒಂದು ಕೈಯಲ್ಲಿ ಗೋಡೆ ಹಿಡಿದು, ಎಡಗಾಲನ್ನು ನೆಟ್ಟಗೆ ಊರಿ ನಿಂತರು. ನೋವು ಮುಖದಲ್ಲಿ ಕಾಣುತ್ತಿತ್ತು.

ಪೆನ್ಸಿಲ್ ಹಿಡಿದೆ. ಗೆರೆ ಎಳೆಯಲು ಆಗಲಿಲ್ಲ.

ಅವರೇ ಕೇಳಿದರು: "ಈಗರ ಹೊಂದತೇನೇನ್ರಿ ಅಕ್ಕಾರ, ನಿಮ್ಮ ಬುಕ್ಕಿಗೆ?"