ಕಾರ್ಡು ಉಜ್ಜಲು ಜೊತೆಗೆ ಬರುತ್ತಿದ್ದವರು

ಟ್ಯಾಕ್ಸಿ ಬಂದು ಗೇಟಿನ ಮುಂದೆ ನಿಂತರೆ ಅನಂತಯ್ಯನವರು ಕಿಟಕಿಯೊಳಗೆ ತಲೆ ಹಾಕಿ ಕೇಳುತ್ತಿದ್ದದ್ದು ಒಂದೇ ಮಾತು: "ಭಯ್ಯಾ, ಮಶೀನ್ ಚಲ್ ರಹೀ ಹೈ ನಾ?" ಕಾರ್ಡು ಉಜ್ಜುವ ಯಂತ್ರ ಕೆಟ್ಟಿದೆ ಎಂದರೆ ಟ್ಯಾಕ್ಸಿಯನ್ನೇ ವಾಪಸ್ ಕಳಿಸಿಬಿಡುತ್ತಿದ್ದರು. ಊರಿಗೋ ಆಸ್ಪತ್ರೆಗೋ ಹೊರಟವರು ಮಾತ್ರ ಬೇರೆ ಯಾರೋ ಆಗಿರುತ್ತಿದ್ದರು.

ಘಾಜಿಯಾಬಾದಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮನೆ ಅವರದು. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಫೋನ್ ಮಾಡಿದರೆ ಮನೆಬಾಗಿಲಿಗೆ ಬರುವ ಟ್ಯಾಕ್ಸಿಗಳು ಆಗಷ್ಟೇ ಶುರುವಾಗಿದ್ದವು. ಅವರ ಕ್ರೆಡಿಟ್ ಕಾರ್ಡಿನಲ್ಲಿ ಆ ಬಾಡಿಗೆ ಕೊಟ್ಟರೆ ದುಪ್ಪಟ್ಟು ಪಾಯಿಂಟು. ಪಾಯಿಂಟು ಕೂಡಿದರೆ ವಿಮಾನದ ಟಿಕೆಟ್ಟು. ಹಾಗಾಗಿ ಕಾಲೊನಿಯಲ್ಲಿ ಯಾರಿಗೆ ಟ್ಯಾಕ್ಸಿ ಬೇಕಾದರೂ ತರಿಸುವವರು ಅವರೇ. ನಾವು ಅವರ ಕೈಗೆ ನಗದು ಕೊಡಬೇಕು, ಅವರು ಕಾರ್ಡು ಉಜ್ಜಬೇಕು. ಉಜ್ಜುವುದು ಇಳಿಯುವಾಗ ಆದ್ದರಿಂದ ಅವರೂ ಜೊತೆಗೆ ಬರಲೇಬೇಕು. ಹೆರಿಗೆಗೆ ಹೊರಟವರ ಜೊತೆಗೂ, ಕರೋಲ್ ಬಾಗ್‌ಗೆ ಮದುವೆ ಸೀರೆ ತರಲು ಹೊರಟವರ ಜೊತೆಗೂ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಹಿಂದಿರುಗುವುದು ಬಸ್ಸಿನಲ್ಲಿ. ನನ್ನ ಮಗಳು ಅವರಿಗೆ 'ಮಶೀನ್‌ವಾಲೇ ಅಂಕಲ್' ಎಂದೇ ಹೆಸರಿಟ್ಟಿದ್ದಳು.

ಇಷ್ಟೆಲ್ಲ ಅವರ ಹೆಂಡತಿ ಕಮಲಮ್ಮನಿಗಾಗಿ. ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಡಾಕ್ಟರು ರೈಲಿನ ಕುಲುಕಾಟ ಬೇಡವೆಂದಿದ್ದರು. ಉಳಿತಾಯವೆಲ್ಲ ಆ ಆಪರೇಷನ್ನಿಗೇ ಹೋಗಿತ್ತು. ಊರಿಗೆ ಹೋಗಲು ಸರ್ಕಾರ ಗುಮಾಸ್ತರಿಗೆ ಕೊಡುತ್ತಿದ್ದದ್ದು ರೈಲಿನ ಖರ್ಚು. ಉಡುಪಿಯಲ್ಲಿ ಕಮಲಮ್ಮನ ಒಬ್ಬಳೇ ತಂಗಿ ಸುಮತಿ ಹಾಸಿಗೆ ಹಿಡಿದಿದ್ದಳು. ಇಬ್ಬರೂ ಮುಖ ನೋಡಿ ಒಂಬತ್ತು ವರ್ಷ. ಭಾನುವಾರ ಬೆಳಿಗ್ಗೆ ಫೋನ್ ಬಂದರೆ, "ಅಕ್ಕಾ, ಯಾವಾಗ ಬರ್ತಿ?" ಎನ್ನುವುದೊಂದೇ ಮಾತು.

ಒಂದು ರಜೆಯ ಮಧ್ಯಾಹ್ನ ನನ್ನ ಮಗಳಿಗೆ ಉಬ್ಬಸ ಜೋರಾಯಿತು. ಅನಂತಯ್ಯನವರು ಮಾಮೂಲಿನಂತೆ ಜೊತೆಗೆ ಬಂದರು. ಆಸ್ಪತ್ರೆಯ ಮುಂದೆ ಯಂತ್ರಕ್ಕೆ ಸಿಗ್ನಲ್ ಇಲ್ಲ. ರಸ್ತೆ ನಡುವಿನ ಕಟ್ಟೆ ಹತ್ತಿ, ಆರತಿ ಎತ್ತಿದ ಹಾಗೆ ಎರಡೂ ಕೈಯಲ್ಲಿ ಅದನ್ನು ಆಕಾಶಕ್ಕೆ ಹಿಡಿದರು. "ಅಂಕಲ್‌ಜೀ, ಕ್ಯಾಶ್ ದೇ ದೋ ನಾ!" ಎಂದು ಡ್ರೈವರ್ ಕೂಗುತ್ತಿದ್ದ. ನಾನು ಅಳುತ್ತಾ ಮಗುವನ್ನೆತ್ತಿಕೊಂಡು ಒಳಗೆ ಓಡಿದೆ. ಸ್ವಲ್ಪ ಹೊತ್ತಿಗೆ ಹಿಂದೆಯೇ ಬಂದು ಔಷಧಿಯ ಸಾಲಿನಲ್ಲಿ ನಿಂತವರು ಸಂಜೆಯವರೆಗೂ ಕದಲಲಿಲ್ಲ. "ನೀವು ಹೊರಡಿ" ಎಂದರೆ, "ಕಾರ್ಡಿನ ಚೀಟಿ ಬಂತು, ಪಾಯಿಂಟೂ ಬಂತು ತಾಯಿ. ಅಷ್ಟಕ್ಕೇ ಎದ್ದು ಹೋದ್ರೆ ನಾನೂ ಒಂದು ಮಶೀನಾ?" ಎಂದರು.

ಎರಡು ವರ್ಷ ಹೀಗೆ ಓಡಾಡಿದ ಮೇಲೆ ಒಂದು ಟಿಕೆಟ್ಟಿನಷ್ಟು ಪಾಯಿಂಟು ಕೂಡಿತು. ಗುರುವಾರದ ಪೂಜೆಯ ಪ್ರಸಾದ ಕೊಡಲು ಹೋದಾಗ ಗಂಡ ಹೆಂಡತಿ ಅದೇ ಚರ್ಚೆಯಲ್ಲಿದ್ದರು.

"ನಾನೊಬ್ಬಳೇ ಹೋಗಿಬಿಡ್ಲಾ? ಏರ್‌ಪೋರ್ಟಲ್ಲಿ ಗಾಲಿಕುರ್ಚಿ ಕೊಡ್ತಾರಂತೆ."

"ಹೋಗು, ಅಚ್ಛಾ. ನಡುದಾರೀಲಿ ಬೆನ್ನು ಹಿಡ್ಕೊಂಡ್ರೆ ಎಬ್ಬಿಸೋರು ಯಾರು? ಪೈಲಟ್ಟಾ?"

ಇಬ್ಬರೂ ನನ್ನ ಮುಖ ನೋಡಿದರು. ಹೋಗಿಬನ್ನಿ ಎನ್ನಬಹುದಿತ್ತು. "ಒಂದು ಕೊಟ್ಟ ದೇವರು ಇನ್ನೊಂದನ್ನೂ ಕೊಡ್ತಾನೆ. ಸ್ವಲ್ಪ ಕಾಯಿರಿ" ಎಂದುಬಿಟ್ಟೆ. ಅವರು ಕಾದರು.

ಆ ಚಳಿಗಾಲ ಮುಗಿಯುವ ಮೊದಲೇ ಅನಂತಯ್ಯನವರು ಕಚೇರಿಯ ಮೆಟ್ಟಿಲ ಮೇಲೆ ಕುಸಿದರು. ಎದೆಬಡಿತ ನಿಂತುಹೋಗಿತ್ತು.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಕಮಲಮ್ಮ ಕಾರ್ಡು ಹಿಡಿದು ಬಂದರು. "ಒಂದು ಟಿಕೆಟ್ಟಿನಷ್ಟು ಇತ್ತಲ್ಲ. ಈಗ ಒಂದೇ ಸಾಕು."

ಅವರಿಗೆ ಹಿಂದಿ ಅಷ್ಟಕ್ಕಷ್ಟೆ. ನಾನೇ ಕಾರ್ಡಿನವರಿಗೆ ಫೋನ್ ಮಾಡಿದೆ. ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರಿಗೇ ಫೋನ್ ಕೊಡಿ ಎಂದಳು ಆ ಕಡೆಯ ಹುಡುಗಿ. ಎದುರಿಗೆ ದೇವರ ದೀಪ ಉರಿಯುತ್ತಿತ್ತು. ಅವರು ತೀರಿಕೊಂಡರು ಎಂದೆ. ಪಾಪ, ಅವಳು ಸಂತಾಪ ಹೇಳಿದಳು, ಕಾಯಿಸಿದಳು, ಆಮೇಲೆ ಖಾತೆ ಮುಚ್ಚುತ್ತದೆ, ಪಾಯಿಂಟು ಹೆಂಡತಿಗೆ ಬರುವುದಿಲ್ಲ ಎಂದಳು. "ವೋ ಪಾಯಿಂಟ್ಸ್ ಉನ್ಹೀ ಕೇ ಥೇ, ಮ್ಯಾಡಮ್."

"ಜ್ವರ, ಮಲಗಿದಾರೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದರು ನಮ್ಮೆಜಮಾನರು. ಕಮಲಮ್ಮ ಬಯ್ಯಲಿಲ್ಲ. "ಅವ್ರು ಓಡಾಡಿದ್ದೆಲ್ಲಾ ಹೋಯ್ತಾ?" ಎಂದು ಕೇಳಿ, ಕಾರ್ಡನ್ನು ಸೆರಗಿನಲ್ಲಿ ಒರೆಸಿ ಒಳಗಿಟ್ಟುಕೊಂಡರು.

ಮಲಗುವ ಮೊದಲು ಆ ದಿನ ದೇವರು ಕೊಟ್ಟದ್ದನ್ನು ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಮಗಳಿಗೆ ಉಬ್ಬಸ ಬರಲಿಲ್ಲ. ಅನಂತಯ್ಯನವರಿಗೆ ಹೆಚ್ಚು ನೋವಾಗಲಿಲ್ಲವಂತೆ, ಅದನ್ನೂ ಸೇರಿಸುತ್ತೇನೆ. ಅದರಾಚೆ ಎಣಿಕೆ ಸಾಗುವುದಿಲ್ಲ.

ಹೋದ ವಾರ ಕಮಲಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಟ್ಯಾಕ್ಸಿ ತರಿಸಿದೆ. ಹಳೆಯ ಡ್ರೈವರ್. ನಮ್ಮ ಗೇಟು ಕಂಡವನೇ ತಾನಾಗಿ ಯಂತ್ರ ಎತ್ತಿ ತೋರಿಸಿ ನಕ್ಕ: "ಆಜ್ ಏಕ್‌ದಮ್ ಠೀಕ್ ಹೈ. ಅಂಕಲ್‌ಜೀ ಕಹಾಂ?" ಮುಂದಿನ ಸೀಟು ಖಾಲಿ ಇತ್ತು. ನಾವಿಬ್ಬರೂ ಹಿಂದೆ ಕೂತೆವು.

ಭಾನುವಾರ ಕೆಳಗಿನ ಮನೆಯಲ್ಲಿ ಈಗಲೂ ಫೋನ್ ರಿಂಗಾಗುತ್ತದೆ. ಕಮಲಮ್ಮ ಹೇಳುವುದು ನನ್ನ ಅಡುಗೆಮನೆಗೆ ಕೇಳಿಸುತ್ತದೆ. "ಬರ್ತೀನಿ ಸುಮತಿ. ಸ್ವಲ್ಪ ಕಾಯೇ."