ಒಂದೇ ಕೈಗೆ ತಿರುಗುವ ಹಲಗೆ

ರಾಯಚೂರಿನ ಒಂದು ತಾಂತ್ರಿಕ ಶಾಲೆಯಲ್ಲಿ ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿಸಿ ನಿವೃತ್ತಳಾದ ಮೇಲೆ ನಾನು ಎಣಿಸದಿದ್ದ ಕೆಲಸವೊಂದು ನನಗೆ ಅಂಟಿಕೊಂಡಿತು: ಪೇಟೆಂಟ್ ಅರ್ಜಿಗಳಿಗೆ ಚಿತ್ರ ಬರೆದುಕೊಡುವುದು. ಮೊದಲು ಬಂದವಳು ನಮ್ಮೂರು ದೇವದುರ್ಗದ ನರ್ಸ್. ಹಸುಗೂಸುಗಳನ್ನು ತೂಕದ ಜೋಳಿಗೆಯಲ್ಲಿ ಹಾಕಿದರೆ ಅವು ಕಾಲು ಝಾಡಿಸಿ ಅಳುತ್ತವೆ, ತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ. ಆಕೆ ಜೋಳಿಗೆಯ ಮೇಲ್ತುದಿಗೆ ತೂಗಾಟ ತಡೆಯುವ ಒಂದು ರಬ್ಬರಿನ ಜೋಡಣೆ ಮಾಡಿದ್ದಳು. ಅದಕ್ಕೆ ಪೇಟೆಂಟ್ ಸಿಕ್ಕಿತು. ಸುದ್ದಿ ಹಬ್ಬಿತು. ದೇವಸುಗೂರಿನಿಂದ ಬಲೆಗೆ ಹೊಸ ತೇಲು ಕಟ್ಟಿದ ಮೀನುಗಾರ ಬಂದ, ಕವಿತಾಳದಿಂದ ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಯಂತ್ರ ತಿದ್ದಿದ ದರ್ಜಿ ಬಂದ. ವಕೀಲರನ್ನು ಹಿಡಿಯುವ ಶಕ್ತಿ ಇವರಿಗಿರಲಿಲ್ಲ. ಹಾಗಾಗಿ ಚಿತ್ರದ ಜೊತೆಗೆ ಬರಹವನ್ನೂ ನಾನೇ ಬರೆಯತೊಡಗಿದೆ. ನಿಯಮಗಳನ್ನು ಓದಿ ಓದಿ ಕಲಿತೆ. ಪೂರ್ತಿ ಕಲಿತಿದ್ದೇನೆಂದು ಭಾವಿಸಿದ್ದು ನನ್ನ ತಪ್ಪು.

ಒಂದು ಭಾನುವಾರ ಆ ನರ್ಸ್ ಮಾನ್ವಿಯ ಒಬ್ಬ ವೆಲ್ಡರ್‌ನನ್ನು ಕರೆತಂದಳು. ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಕೈಚೀಲದಿಂದ ದುಂಡನೆಯ ಮರದ ಹಲಗೆಯೊಂದನ್ನು ತೆಗೆದು ನೆಲದ ಮೇಲಿಟ್ಟ. ಅಡಿಯಲ್ಲಿ ಕಬ್ಬಿಣದ ಪೀಠ.

"ನಮ್ಮವ್ವಗ ಲಕ್ವಾ ಹೊಡೀತ್ರಿ ಮೇಡಂ. ಎಡಗೈ ಸತ್ತಂಗ ಆಗ್ಯದ. ಮಾತು, ನಡಿಗಿ ಎಲ್ಲಾ ಸರಿ ಅದ. ಆದ್ರ ರೊಟ್ಟಿ ಬಡ್ಯಾಕ ಬರಲ್ದಂಗಾತು. ಅದಕ್ಕ ಭಾಳ ಅಳ್ತಿದ್ಲು," ಎಂದ.

"ನಿಮ್ಮ ಮನ್ಯಾಗ ಬ್ಯಾರೆ ಯಾರೂ ರೊಟ್ಟಿ ಮಾಡಂಗಿಲ್ಲೇನು?"

"ನನ್ನ ಹೆಂಡ್ತಿ ಮಾಡ್ತಾಳ್ರಿ, ನಾನೂ ಮಾಡ್ತೀನಿ. ಆದ್ರ ಅಕಿಗಿ ತನ್ನ ಕೈಲೆ ಮಾಡಬೇಕು. ಹರೇದಾಗಿಂದ ಮಂದಿ ಮದಿವ್ಯಾಗ ರೊಟ್ಟಿ ಬಡಿದಾಕಿ ಅಕಿ."

ಜೋಳದ ರೊಟ್ಟಿ ಬಡಿಯುವಾಗ ಒಂದು ಕೈ ಬಡಿಯುತ್ತದೆ, ಇನ್ನೊಂದು ಹಿಟ್ಟನ್ನು ತಿರುಗಿಸುತ್ತದೆ. ಇವನ ಹಲಗೆಯೇ ತಿರುಗುವಂಥದ್ದು. ನಾನು ಬೆರಳಿಂದ ತಳ್ಳಿ ನೋಡಿದೆ, ಸಲೀಸಾಗಿ ತಿರುಗಿತು. ಅಳತೆ ತೆಗೆದುಕೊಂಡೆ, ಬಿಚ್ಚಿಸಿ ಒಳಗಿನ ಸ್ಪ್ರಿಂಗು, ಹಲ್ಲಿನ ಚಕ್ರ ಎಲ್ಲವನ್ನೂ ಬರೆದೆ. ಅಷ್ಟು ಚೆಂದದ ಚಿತ್ರ ನಾನು ಬರೆದದ್ದು ಅಪರೂಪ. ಹೊಸತೇನು ಎಂದು ಹೇಳಬೇಕಾದ ಭಾಗದಲ್ಲಿ "ರೊಟ್ಟಿ ಬಡಿಯಲು ತಿರುಗುವ ಹಲಗೆ" ಎಂಬರ್ಥದಲ್ಲಿ ಬರೆದು ಅರ್ಜಿ ಕಳಿಸಿದೆ.

ಬಹಳ ತಿಂಗಳ ನಂತರ ಪರೀಕ್ಷಕರ ವರದಿ ಬಂತು. ಕೇಕಿನ ಮೇಲೆ ಕೆನೆ ಹಚ್ಚಲು ಇಂಥ ತಿರುಗುವ ಹಲಗೆ ಹೊರದೇಶದಲ್ಲಿ ಎಷ್ಟೋ ಹಿಂದೆಯೇ ಇದೆ, ಇದರಲ್ಲಿ ಹೊಸತಿಲ್ಲ ಎಂದಿತ್ತು. ಜೊತೆಗೆ ಆ ಹಳೆಯ ಪೇಟೆಂಟಿನ ಚಿತ್ರವೂ ಇತ್ತು. ವೆಲ್ಡರ್‌ಗೆ ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಬಸ್ ಹತ್ತಿ ಮಾನ್ವಿಗೆ ಹೋದೆ.

ಅವನು ಆ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಚಂದ ಮಾಡ್ಯಾನ್ರಿ," ಎಂದ. "ಆದ್ರ ಇದು ನಮ್ಮದಲ್ಲ."

"ಎರಡೂ ತಿರಗತಾವಲ್ಲಪ್ಪಾ?"

ಒಳಗಿದ್ದ ಅವನ ತಾಯಿ ಕೇಳಿಸಿಕೊಂಡಳು. ತೆಳ್ಳಗಿನ ಮುದುಕಿ, ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. "ಬಾ ಇಲ್ಲಿ ಯವ್ವಾ, ಕುಂದ್ರು," ಎಂದು ಒಲೆಯ ಮುಂದೆ ಕರೆದಳು. ನನ್ನ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಳ್ಳಲು ಹೇಳಿ, ಹಲಗೆಯ ಮೇಲೆ ಹಿಟ್ಟಿನ ಉಂಡೆ ಇಟ್ಟಳು. "ಈಗ ಬಡಿ."

ಬಡಿದೆ. ಅಂಗೈ ಒತ್ತಿದಾಗ ಹಲಗೆ ಅಲುಗದೆ ನಿಂತಿತು. ಕೈ ಎತ್ತಿದೊಡನೆ ಎರಡು ಬೆರಳಿನಷ್ಟು ತಿರುಗಿ ಮತ್ತೆ ನಿಂತಿತು. ಮತ್ತೆ ಬಡಿದೆ, ಮತ್ತೆ ಅಷ್ಟೇ ತಿರುಗಿತು. ನಾನು ಅದನ್ನು ತಿರುಗಿಸುತ್ತಿರಲಿಲ್ಲ. ಬಡಿಯುವ ಪೆಟ್ಟೇ ಸ್ಪ್ರಿಂಗನ್ನು ಒತ್ತಿ, ಮುಂದಿನ ತಿರುವಿಗೆ ಬಲ ಕೊಡುತ್ತಿತ್ತು. ಹಲ್ಲಿನ ಚಕ್ರವನ್ನು ನಾನೇ ಚಿತ್ರಿಸಿದ್ದೆ. ಅದು ಏಕಿದೆ ಎಂದು ಕೇಳಿರಲಿಲ್ಲ. ಎರಡು ಕೈ ನೆಟ್ಟಗಿರುವವಳಿಗೆ ಆ ಪ್ರಶ್ನೆಯೇ ಹುಟ್ಟಿರಲಿಲ್ಲ.

ನನ್ನ ರೊಟ್ಟಿ ಒಂದು ಕಡೆ ಹರಿಯಿತು. ಮುದುಕಿ ನಕ್ಕಳು. "ಮೊದ್ಲ ಇವನೂ ಸುಮ್ಮ ತಿರಗೋದು ಮಾಡಿದ್ದ. ನಾ ಬಡದ್ರ ಗರಗರ ಓಡಿ ಹೋಗ್ತಿತ್ತು. ನಾನಽ ಅಂದೆ, ಲೇ, ಕೈ ಕೆಳಗಿದ್ದಾಗ ನಿಂದರಬೇಕು, ಕೈ ಮ್ಯಾಲಿದ್ದಾಗ ತಿರಗಬೇಕು ಅಂತ. ಮೂರು ಸಲ ಬಿಚ್ಚಿಸೀನಿ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ವೆಲ್ಡರ್ ಕಡೆ ನೋಡಿ, "ಹಂಗಾದ್ರ ಮುಖ್ಯ ವಿಚಾರ ನಿಮ್ಮವ್ವಂದು. ಅರ್ಜ್ಯಾಗ ನಿನ್ನ ಹೆಸರೊಂದಽ ಅದ," ಎಂದೆ.

ಅವನು ತಬ್ಬಿಬ್ಬಾದ. "ಅಕಿದು ಬರಿಯಾಕ ಬರ್ತದೇನ್ರಿ? ಅಕಿ ಸಾಲಿ ಕಲ್ತಿಲ್ಲ."

"ಸಾಲಿ ಕೇಳಂಗಿಲ್ಲ. ಯಾರು ಕಂಡು ಹಿಡಿದ್ರು ಅಂತ ಕೇಳ್ತಾರ."

"ಮತ್ತ ಬರೀರಿ ಮೇಡಂ. ಮೊದ್ಲು ಅಕಿದು ಬರೀರಿ."

ಮುದುಕಿಗೆ ಇದೆಲ್ಲ ದೊಡ್ಡ ಮಾತೆನಿಸಲಿಲ್ಲ. ಆದರೂ ಅವಳ ಹೆಸರು ಸೇರಿಸಲು ನಾನು ಅಲ್ಲೇ ಬರೆದ ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮುನ್ನ ಬಲಗೈಯ ಹಿಟ್ಟನ್ನು ಎರಡು ಸಲ ತೊಳೆದುಕೊಂಡಳು.

ಪರೀಕ್ಷಕರ ವರದಿಗೆ ಉತ್ತರ ಬರೆದೆ. ಪೆಟ್ಟಿನಿಂದಲೇ ಹಂತ ಹಂತವಾಗಿ ತಿರುಗುವುದು, ಒತ್ತಿದಾಗ ನಿಲ್ಲುವುದು, ಇಷ್ಟೇ ನಮ್ಮದು ಎಂದು ನಾವು ಕೇಳುವ ಹಕ್ಕನ್ನು ಕಿರಿದು ಮಾಡಿದೆ. ಎಲ್ಲವೂ ಮೊದಲ ಚಿತ್ರದಲ್ಲೇ ಇದ್ದುದರಿಂದ ಆ ತಿದ್ದುಪಡಿಗೆ ಅವಕಾಶವಿತ್ತು. ವಿಚಾರಣೆ ವಿಡಿಯೋ ಕರೆಯಲ್ಲಿ ನಡೆಯಿತು. ನನ್ನ ಮನೆಯ ಮೇಜಿನ ಮುಂದೆ ವೆಲ್ಡರ್ ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದ. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಹೇಳುತ್ತಿದ್ದೆ, ಅವನು ಕನ್ನಡದಲ್ಲಿ ಉತ್ತರಿಸುತ್ತಿದ್ದ. ಕೇಕಿನ ಹಲಗೆಗಿಂತ ಇದು ಹೇಗೆ ಬೇರೆ ಎಂಬ ಪ್ರಶ್ನೆ ಬಂದಾಗ ನನ್ನ ಅನುವಾದಕ್ಕೂ ಕಾಯದೆ ಹಲಗೆಯನ್ನು ಕ್ಯಾಮೆರಾದ ಮುಂದಿಟ್ಟು ಅಂಗೈಯಿಂದ ಬಡಿಯತೊಡಗಿದ. "ನೋಡ್ರಿ ಸರ, ನಿಂತ್ತು. ನೋಡ್ರಿ, ತಿರಗ್ತು." ಅಧಿಕಾರಿ ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಆಮೇಲೆ ಹೆಚ್ಚೇನೂ ಕೇಳಲಿಲ್ಲ.

ಪೇಟೆಂಟ್ ಮಂಜೂರಾದ ಕಾಗದವನ್ನು ಮುದ್ರಿಸಿಕೊಂಡು ನರ್ಸ್ ಜೊತೆಗೆ ಮಾನ್ವಿಗೆ ಹೋದೆ. ಮುದುಕಿ ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಜಾಗವನ್ನು ಬೆರಳಿಂದ ಮುಟ್ಟಿದಳು. "ಇದರಿಂದ ಏನಾಗ್ತದ ಯವ್ವಾ?" ಎಂದಳು.

ನಾನು ಸುಳ್ಳು ಹೇಳಲಿಲ್ಲ. ಯಾವ ಕಂಪನಿಯೂ ಇನ್ನೂ ಕೇಳಿಲ್ಲ, ಕೇಳದೆಯೂ ಹೋಗಬಹುದು ಎಂದೆ. ಅವಳು ತಲೆಯಾಡಿಸಿದಳು. ಆಗ ನರ್ಸ್, ಮಲ್ಲಟ ಎಂಬ ಊರಿನಲ್ಲಿ ಎಡಗೈಗೆ ಲಕ್ವಾ ಹೊಡೆದ ಇನ್ನೊಬ್ಬ ಹೆಂಗಸಿದ್ದಾಳೆ, ನಾಲ್ಕು ತಿಂಗಳಿಂದ ಯಾರೊಂದಿಗೂ ಮಾತಾಡುತ್ತಿಲ್ಲ ಎಂದು ಹೇಳಿದಳು. ಮುದುಕಿ ಮಗನಿಗೆ ಆ ಹೊತ್ತೇ ಇನ್ನೊಂದು ಹಲಗೆಗೆ ಮರ ಕೊಯ್ಯಿಸಲು ಹೇಳಿದಳು.

ಹಲಗೆ ಸಿದ್ಧವಾದಾಗ ಮಲ್ಲಟಕ್ಕೆ ನಾನೂ ಹೋಗಿದ್ದೆ. ಮುದುಕಿ ಆ ಹೆಂಗಸಿನ ಪಕ್ಕ ಕುಳಿತು, ಅವಳ ಬಲಗೈ ಮೇಲೆ ತನ್ನ ಬಲಗೈ ಇಟ್ಟು ಮೊದಲ ರೊಟ್ಟಿ ಬಡಿಸಿದಳು. ಎರಡನೆಯದನ್ನು ಆಕೆ ಒಬ್ಬಳೇ ಬಡಿದಳು. ಮೂರನೆಯದು ಹೆಂಚಿನ ಮೇಲಿದ್ದಾಗ ಆ ಹೆಂಗಸು ಮುದುಕಿಯತ್ತ ತಿರುಗಿ, "ಹಿಟ್ಟು ಇನ್ನೊಂದೀಟು ಬಿಸಿನೀರು ಕೇಳ್ತದ," ಎಂದಳು.